ಗಡಸು ನೀರೂ ಮನೆಯ ಒಗೆತವೂ



ಬಟ್ಟೆ ಒಗೆಯುವುದು ಭಾಷಣಕ್ಕೆ ತಕ್ಕ ವಿಷಯವೇ ಎಂದು ಕೆಲವರು ನಗಬಹುದು. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಶರಣರ ಬಟ್ಟೆಗಳನ್ನು ಮಡಿ ಮಾಡುತ್ತಿದ್ದ ಮಾಚಿದೇವರನ್ನು ಪೂಜ್ಯರೆಂದೆಣಿಸುವ ನಾಡು ನಮ್ಮದು. ಈ ಕಾಯಕವನ್ನು ಹಗುರವಾಗಿ ಕಾಣುವ ಅಧಿಕಾರ ನಮಗಿಲ್ಲ. ಅದರ ಭಾರವೆಲ್ಲ ಮನೆಯ ಒಬ್ಬಾಕೆಯ ಸೊಂಟದ ಮೇಲೆಯೇ ಬೀಳುತ್ತಿರುವಾಗಲಂತೂ ವಿಚಾರ ಮಾಡಲೇಬೇಕು.

ಯಾದಗಿರಿ, ಶಹಾಪುರ, ಸುರಪುರಗಳು ಕೃಷ್ಣಾ ಭೀಮೆಯರ ಸೀಮೆಯ ಊರುಗಳು. ಆದರೂ ಅನೇಕ ಮನೆಗಳಿಗೆ ಬಳಕೆಯ ನೀರು ಬಾವಿ, ಕೊಳವೆಬಾವಿಗಳದೇ. ಇಂಥ ನೀರು ಗಡಸಾಗಿದ್ದರೆ ಸಾಬೂನು ಎಷ್ಟು ತಿಕ್ಕಿದರೂ ನೊರೆ ಬಾರದು. ಬಿಳಿಯ ಧೋತರ ದಿನೇದಿನೇ ಮಾಸಲಾಗುವುದು. ತಿಕ್ಕಿದ್ದು ಸಾಲದೆಂದು ನಾವು ದೂರುತ್ತೇವೆ. ತಪ್ಪು ತಿಕ್ಕಿದವರದಲ್ಲ. ನೀರಿನಲ್ಲಿ ಕರಗಿರುವ ಸುಣ್ಣದ ಮತ್ತು ಮೆಗ್ನೀಸಿಯಮ್ಮಿನ ಲವಣಗಳು ಸಾಬೂನಿನೊಡನೆ ಕೂಡಿ, ಕರಗದ ಜಿಗುಟಾಗಿ, ನೂಲಿನ ಎಳೆಗಳಲ್ಲಿ ನಿಂತುಬಿಡುವುವು.

ಲೆಕ್ಕ ಹಾಕಿ ನೋಡೋಣ. ಲೀಟರಿಗೆ 300 ಮಿಲಿಗ್ರಾಂ ಗಡಸುತನವುಳ್ಳ 15 ಲೀಟರ್ ನೀರು, ಕೊಳೆಯನ್ನು ಮುಟ್ಟುವ ಮೊದಲೇ ಸುಮಾರು 27 ಗ್ರಾಂ ಸಾಬೂನನ್ನು ನುಂಗಿಹಾಕುವುದು. ಅದೇ ನೀರಿಗೆ 5 ಗ್ರಾಂ, ಎಂದರೆ ಒಂದು ಸಣ್ಣ ಚಮಚದಷ್ಟು ಒಗೆಯುವ ಸೋಡಾ ಪುಡಿಯನ್ನು ಮುಂಚಿತವಾಗಿ ಕಲಸಿ ಬಿಟ್ಟರೆ ಆ ಲವಣಗಳು ಬೇರ್ಪಟ್ಟು ತಳಕ್ಕಿಳಿಯುವುವು. ತಿಳಿನೀರಿನಲ್ಲಿ ಸಾಬೂನು ತನ್ನ ಕೆಲಸ ಮಾಡುವುದು. ಅಗಸರು ಉಬ್ಬೆ ಹಾಕುವಾಗ ಚೌಳು ಮಣ್ಣನ್ನು ಬಳಸುತ್ತಿದ್ದುದರ ಮರ್ಮವೂ ಇದೇ. ಆ ಮಣ್ಣಿನಲ್ಲಿರುವುದು ಸೋಡಾ ಕ್ಷಾರ. ರೇಷ್ಮೆ, ಉಣ್ಣೆಗಳಿಗೆ ಮಾತ್ರ ಸೋಡಾ ತಾಗಕೂಡದು. ಯಂತ್ರಕ್ಕೆ ಹಾಕುವ ಡಿಟರ್ಜೆಂಟ್ ಪುಡಿಗಳು ಗಡಸು ನೀರಿಗೆ ಸಾಬೂನಿನಷ್ಟು ಬೇಗ ಸೋಲುವುದಿಲ್ಲ.

ಇನ್ನು ಕ್ರಮದ ಮಾತು. ವಾರದ ಬಟ್ಟೆಯನ್ನೆಲ್ಲ ಭಾನುವಾರಕ್ಕೆ ಗುಡ್ಡೆ ಹಾಕುವುದು ನಮ್ಮ ಮನೆಯಲ್ಲಿಯೂ ಬಹುಕಾಲ ನಡೆದುಬಂದ ತಪ್ಪು. ಈಗ ಮೂರು ಬುಟ್ಟಿಗಳನ್ನಿಟ್ಟಿದ್ದೇವೆ: ಬಿಳಿಯವು, ಬಣ್ಣದವು, ಮಣ್ಣು ಹತ್ತಿದವು. ಬಿಚ್ಚಿದವರೇ ತಮ್ಮ ಬಟ್ಟೆಯನ್ನು ಅದರದರ ಬುಟ್ಟಿಗೆ ಹಾಕತಕ್ಕದ್ದು. ನಲ್ಲಿಯ ನೀರು ಬರುವ ದಿನವೇ ಒಗೆತದ ದಿನ. ಪ್ರತಿ ಸಲವೂ ಒಂದೇ ಬುಟ್ಟಿ. ಬಿಳಿಯ ಬಟ್ಟೆಯನ್ನು ಹಿಂದಿನ ರಾತ್ರಿ ನೆನೆಹಾಕಿದರೆ ಬೆಳಿಗ್ಗೆ ಅರ್ಧ ತಿಕ್ಕುವಿಕೆ ಉಳಿಯುವುದು. ಕೊನೆಯ ಜಾಲಾಡಿಕೆಯ ನೀರನ್ನು ಚೆಲ್ಲದೆ, ಮಣ್ಣು ಹತ್ತಿದ ಬಟ್ಟೆಗಳನ್ನು ಮೊದಲು ಅಲುಬಲು ಉಪಯೋಗಿಸಬೇಕು.

ಕಲೆಗಳ ವಿಷಯದಲ್ಲಿ ಆತುರವೂ ಬೇಕು, ತಾಳ್ಮೆಯೂ ಬೇಕು. ರಕ್ತ, ಹಾಲುಗಳ ಕಲೆಗೆ ಕೂಡಲೇ ತಣ್ಣೀರು. ಬಿಸಿನೀರು ಅವುಗಳನ್ನು ಬಟ್ಟೆಯಲ್ಲಿಯೇ ಕಚ್ಚಿಸಿಬಿಡುವುದು. ಎರೆಮಣ್ಣಿನ ಕೆಸರನ್ನಾದರೋ ಒಣಗಲು ಬಿಟ್ಟು, ಕೊಡವಿ, ಆಮೇಲೆ ನೀರಿಗೆ ಹಾಕಬೇಕು. ಒಮ್ಮೆ ಊಟದಲ್ಲಿ ಅಂಗಿಗೆ ತಾಗಿದ ಅರಿಸಿನಕ್ಕೆ ನಾವೇ ಸಾಬೂನು ತಿಕ್ಕಲು, ಅದು ಕೆಂಪಗಾದುದನ್ನು ಕಂಡು ಗಾಬರಿಯಾದೆವು. ಕ್ಷಾರ ತಾಗಿದ ಅರಿಸಿನದ ಗುಣವೇ ಅದು. ಒಗೆದು ಬಿಸಿಲಿಗೆ ಹಾಕಿದ ಮೇಲೆ ಕಲೆ ತಾನೇ ಮಾಸಿತು. ಅರಿಸಿನವನ್ನು ಅಳಿಸುವ ಬಿಸಿಲು ಸೀರೆಯ ಬಣ್ಣವನ್ನೂ ಅಳಿಸಬಲ್ಲದು. ಬಣ್ಣದ ಬಟ್ಟೆಗಳನ್ನು ಒಳಮಗ್ಗುಲು ಹೊರಗೆ ಮಾಡಿ ನೆರಳಿನಲ್ಲಿ ಹರವಬೇಕು.

ಹಿಂಡುವುದು, ಹರವುವುದು, ಮಡಚುವುದು ಗಂಡಸರಿಗೂ ಮಕ್ಕಳಿಗೂ ಬಾರದ ವಿದ್ಯೆಗಳಲ್ಲ. ಒಂದು ಚಮಚ ಸೋಡಾ ಸಾಬೂನನ್ನು ಉಳಿಸೀತು. ತಾಯಿಯ ಬೆನ್ನನ್ನು ಉಳಿಸಬೇಕಾದವರು ಮನೆಯವರೇ.