ಬಾಯಾರದ ಅಂಗಳ

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಸುತ್ತಮುತ್ತ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಸುರಿಯುತ್ತದೆಯಾದರೂ ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲೇ ಮುಗಿದುಹೋಗುವುದರಿಂದ, ಬೇಸಿಗೆಯಲ್ಲಿ ಬಾವಿಯ ತಳ ಕಾಣುವುದು ಇಲ್ಲಿ ಹೊಸ ಸಂಗತಿಯಲ್ಲ. ಇದಕ್ಕೆ ನೆಲದ ಗುಣವೂ ಕಾರಣ. ಮುರಕಲ್ಲು, ಅಂದರೆ ಕಬ್ಬಿಣದ ಅಂಶ ಹೆಚ್ಚಿರುವ, ಮೈತುಂಬ ರಂಧ್ರಗಳುಳ್ಳ ಕೆಂಪುಕಲ್ಲು, ನೀರನ್ನು ಬೇಗ ಒಳಗೆಳೆದುಕೊಂಡು ಅಷ್ಟೇ ಬೇಗ ತಗ್ಗಿನ ತೋಡಿಗೆ ಬಿಟ್ಟುಕೊಡುತ್ತದೆ. ಆದ್ದರಿಂದ ಈ ಭಾಗದ ಅಂಗಳವು ಆಟಿ ತಿಂಗಳ ಮಳೆಗೆ ಕೊಳೆಯದೆಯೂ ಏಪ್ರಿಲ್‌ನ ಬಿಸಿಲಿಗೆ ಒಣಗದೆಯೂ ಉಳಿಯಬೇಕಾಗುತ್ತದೆ.

ಕಡಿಮೆ ನೀರಿನ ಉದ್ಯಾನಕ್ಕೆ ಇಂದು ‘ಝೆರಿಸ್ಕೇಪ್’ ಎಂಬ ಹೆಸರು ಪ್ರಚಲಿತವಾಗಿದೆ. ಗ್ರೀಕ್ ಭಾಷೆಯಲ್ಲಿ ‘ಒಣ’ ಎಂಬರ್ಥದ ಶಬ್ದವನ್ನು ಒಳಗೊಂಡ ಈ ಪದವನ್ನು 1981ರಲ್ಲಿ ಅಮೆರಿಕದ ಡೆನ್ವರ್ ನಗರದ ನೀರು ಸರಬರಾಜು ಸಂಸ್ಥೆ ರೂಪಿಸಿತು. ಆದರೆ ಡೆನ್ವರ್‌ನಲ್ಲಿ ಬೀಳುವ ಮಳೆ ಇಲ್ಲಿಯದರ ಹತ್ತನೆಯ ಒಂದು ಪಾಲಿನಷ್ಟು ಮಾತ್ರ. ಅಲ್ಲಿಗೆ ಒಪ್ಪುವ ಬೆಣಚುಕಲ್ಲು ಮತ್ತು ಪಾಪಾಸುಕಳ್ಳಿಯ ವಿನ್ಯಾಸವನ್ನು ಚಿತ್ರ ನೋಡಿ ತಂದರೆ, ಮೊದಲ ಮುಂಗಾರಿನಲ್ಲೇ ಕಳ್ಳಿ ಕೊಳೆತು, ಕಲ್ಲುಗಳ ನಡುವೆ ಕಳೆ ಮೇಲೇಳುತ್ತದೆ.

ಅಡಿಕೆ ಬೆಳೆಯುವ ಮನೆಗಳ ಹಳೆಯ ಅಂಗಳ ಈ ಪ್ರಶ್ನೆಗೆ ಎಂದೋ ಉತ್ತರ ಕೊಟ್ಟಿತ್ತು. ಮಳೆ ಹಿಂದೆ ಸರಿದ ಮೇಲೆ ನೆಲ ಸಮಮಾಡಿ, ಸೆಗಣಿ ಸಾರಿಸಿ ಅಡಿಕೆ ಹರವುತ್ತಿದ್ದುದರಿಂದ ನಡುವಿನ ಜಾಗಕ್ಕೆ ಹಸಿರೂ ಬೇಕಿರಲಿಲ್ಲ, ನೀರೂ ಬೇಕಿರಲಿಲ್ಲ. ತುಳಸಿಕಟ್ಟೆಯೊಂದೇ ಅದರ ಅಲಂಕಾರ. ದಾಸವಾಳ, ನಂದಿಬಟ್ಟಲುಗಳು ಅಂಚಿನಲ್ಲಿದ್ದರೆ, ನೀರು ಬಯಸುವ ಬಾಳೆ, ಕೆಸು ಮತ್ತು ಬಸಳೆಯ ಚಪ್ಪರಗಳು ಬಚ್ಚಲಿನ ನೀರು ಹರಿಯುವಲ್ಲೇ ಇರುತ್ತಿದ್ದವು. ಒಂದೇ ಪ್ರಮಾಣದ ನೀರು ಬೇಕಾದ ಗಿಡಗಳನ್ನು ಒಂದೆಡೆ ಗುಂಪುಮಾಡಬೇಕೆಂದು ಉದ್ಯಾನ ತಜ್ಞರು ಹೇಳುವ ಸೂತ್ರ ಈ ಬಸಳೆ ಚಪ್ಪರಕ್ಕಿಂತ ಬೇರೆಯೇನೂ ಅಲ್ಲ.

ಈಗ ಆ ಜಾಗವನ್ನು ಇಂಟರ್‌ಲಾಕ್ ಮತ್ತು ಹುಲ್ಲುಹಾಸು ಹಂಚಿಕೊಂಡಿವೆ. ಬೇಸಿಗೆಯಲ್ಲಿ 100 ಚದರ ಮೀಟರ್ ಹುಲ್ಲುಹಾಸು ದಿನಕ್ಕೆ ಸುಮಾರು 400ರಿಂದ 500 ಲೀಟರ್ ನೀರು ಕುಡಿಯುತ್ತದೆ, ಅದೂ ಬಾವಿ ಬತ್ತುವ ದಿನಗಳಲ್ಲಿ. ಅದರ ಬದಲು ಕಾಲುದಾರಿಗೆ ಮುರಕಲ್ಲನ್ನು ಸಿಮೆಂಟಿಲ್ಲದೆ ಹಾಸಿ, ಗುಡ್ಡದಲ್ಲಿ ತಾನಾಗಿ ಬೆಳೆಯುವ ಕೇಪುಳ, ನೆಕ್ಕರಿಕಗಳನ್ನೂ, ಜಾಗವಿದ್ದಲ್ಲಿ ನೆರಳಿಗೂ ಪರಿಮಳಕ್ಕೂ ರೆಂಜೆ ಅಥವಾ ಸುರಗಿಯನ್ನೂ ನೆಡಬಹುದು. ಮುಂಗಾರಿನ ಆರಂಭದಲ್ಲಿ ನೆಟ್ಟ ಇಂಥ ಗಿಡಗಳಿಗೆ ಮೊದಲ ಒಂದೆರಡು ಬೇಸಿಗೆಗಳಲ್ಲಿ ನೀರು ಕೊಡಲೇಬೇಕು. ಬೇರು ಆಳಕ್ಕಿಳಿದ ನಂತರ ಅವು ಹೆಚ್ಚೇನೂ ಕೇಳುವುದಿಲ್ಲ. ಬುಡಕ್ಕೆ ತರಗೆಲೆ, ಸೋಗೆ ಅಥವಾ ತೆಂಗಿನ ಸಿಪ್ಪೆ ಮುಚ್ಚಿದರೆ ತೇವ ಆರುವುದು ನಿಧಾನವಾಗುತ್ತದೆ, ಆದರೆ ಗೆದ್ದಲಿನ ಮೇಲೆ ಕಣ್ಣಿರಬೇಕು.

ನೀರುಳಿತಾಯದ ಇನ್ನೊಂದು ಭಾಗ ಮಳೆಗಾಲಕ್ಕೆ ಸೇರಿದ್ದು. ಒಂದು ಚದರ ಮೀಟರ್ ಮೇಲೆ ಬಿದ್ದ ಒಂದು ಮಿಲಿಮೀಟರ್ ಮಳೆ ಒಂದು ಲೀಟರ್ ಆಗುವುದರಿಂದ, 100 ಚದರ ಮೀಟರ್ ಮಾಡಿನ ಮೇಲೆ ವರ್ಷಕ್ಕೆ ಸುಮಾರು 4 ಲಕ್ಷ ಲೀಟರ್ ಬೀಳುತ್ತದೆ. ಗುಡ್ಡದೊಳಗೆ ಇಂಗಿ ನಿಂತ ಮಳೆನೀರನ್ನೇ ನಂಬಿ ಸುರಂಗ ಕೊರೆದು ಬೋಳುಗುಡ್ಡದಲ್ಲಿ ತೋಟ ಎಬ್ಬಿಸಿದವರು ಬಂಟ್ವಾಳ ತಾಲ್ಲೂಕಿನ ಕೇಪು ಗ್ರಾಮದ ಅಮೈ ಮಹಾಲಿಂಗ ನಾಯ್ಕರು. ಅವರಿಗೆ 2022ರಲ್ಲಿ ಪದ್ಮಶ್ರೀ ಸಂದಿತು. ಮಾಡಿನ ನೀರನ್ನು ಬಾವಿಯಿಂದ ಸ್ವಲ್ಪ ದೂರದ ಇಂಗುಗುಂಡಿಗೆ ತಿರುಗಿಸಬಹುದು. ಆದರೆ ಗುಡ್ಡ ಕಡಿದು ಕಟ್ಟಿದ ಮನೆಗಳಲ್ಲಿ ಹಿಂದಿನ ಬರೆಯ ಮೇಲೆ ಗುಂಡಿ ತೋಡಬಾರದು, ಏಕೆಂದರೆ ನೀರುಂಡ ಮಣ್ಣು ಭಾರವಾಗಿ ಬರೆಯೇ ಜರಿದೀತು. ಅಲ್ಲಿ ಮಣ್ಣನ್ನು ಬೇರಿನಿಂದ ಬಿಗಿಹಿಡಿಯುವ ಲಾವಂಚದ ಸಾಲು ಲೇಸು.