‘ನಾನು’ ಎಂದು ನುಡಿಯುವುದು, ‘ಅವನು’ ಎಂದು ಹೇಳುವುದು

ಹುಲಿಯ ಕಥೆಯನ್ನು ಹೇಳುವ ಅಜ್ಜಿಯನ್ನು ಗಮನವಿಟ್ಟು ನೋಡಿದವರು ಒಂದು ವಿಚಿತ್ರವನ್ನು ಕಂಡಿರಬಹುದು. ‘ಹುಲಿಗೆ ಬಹಳ ಹಸಿವಾಗಿತ್ತು’ ಎನ್ನುವವರೆಗೆ ಆಕೆ ಅಜ್ಜಿಯೇ. ಮರುಕ್ಷಣದಲ್ಲಿ ಕಣ್ಣರಳಿಸಿ, ದನಿಯನ್ನು ತಗ್ಗಿಸಿ, ‘ಎಲೋ, ನಿನ್ನನ್ನು ತಿಂದುಬಿಡುತ್ತೇನೆ!’ ಎಂದೊಡನೆ ಮಗ್ಗುಲಲ್ಲಿರುವ ಮಗುವು ಬೆಚ್ಚಿ ಅಜ್ಜಿಯ ಸೆರಗನ್ನೇ ಹಿಡಿದುಕೊಳ್ಳುವುದು. ತಾನು ಹಿಡಿದಿರುವುದು ಅಜ್ಜಿಯ ಸೆರಗೆಂಬುದು ಅದಕ್ಕೆ ಗೊತ್ತು. ಆದರೂ ಬೆಚ್ಚುವುದು ತಪ್ಪದು. ಹುಲಿಯ ವಿಷಯವನ್ನು ಹೇಳುವುದು ಒಂದು, ಹುಲಿಯಾಗಿ ನುಡಿಯುವುದು ಇನ್ನೊಂದು. ಇವೆರಡಕ್ಕೂ ಇರುವ ಅಂತರವೇನು? ಯಾವುದು ಮೇಲು? ಇದನ್ನು ತುಸು ವಿಚಾರಿಸೋಣ.

ಪ್ರಶ್ನೆಯು ಹೊಸದಲ್ಲ. ಸುಮಾರು 2,400 ವರ್ಷಗಳ ಹಿಂದೆ ಗ್ರೀಸ್ ದೇಶದ ಪ್ಲೇಟೋ ತನ್ನ ‘ರಿಪಬ್ಲಿಕ್’ ಗ್ರಂಥದ ಮೂರನೆಯ ಭಾಗದಲ್ಲಿ ಇದನ್ನು ಎತ್ತಿದನು. ಕವಿಯು ತಾನೇ ನಿಂತು ಕಥೆಯನ್ನು ನಿರೂಪಿಸುವುದು ಒಂದು ಬಗೆ; ಬೇರೊಬ್ಬನಂತೆ ಮಾತನಾಡುವುದು ಮತ್ತೊಂದು ಬಗೆ ಎಂದು ಅವನು ವಿಂಗಡಿಸಿದನು. ಎರಡನೆಯದರ ಮೇಲೆ ಅವನಿಗೆ ಶಂಕೆಯಿತ್ತು. ಪದೇ ಪದೇ ಇನ್ನೊಬ್ಬನಂತೆ ನುಡಿಯುವವನು ಕೊನೆಗೆ ಅವನಂತೆಯೇ ಆಗಿಬಿಡುವನೇನೋ ಎಂಬುದು ಆ ಶಂಕೆ.

ಇಂದು ಅದೇ ಪ್ರಶ್ನೆಯು ಯುವಕರ ಆಟದ ಮೇಜಿನ ಮೇಲೆ ಮತ್ತೆ ಕಾಣಿಸಿಕೊಂಡಿದೆ. 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬವರು ‘ಡಂಜನ್ಸ್ ಅಂಡ್ ಡ್ರಾಗನ್ಸ್’ ಎಂಬ ಆಟವನ್ನು ಪ್ರಕಟಿಸಿದರು. ಇದರಲ್ಲಿ ಒಬ್ಬನು ಸೂತ್ರಧಾರನಾಗಿ ಕಥೆಯನ್ನು ನಡೆಸುವನು; ಉಳಿದವರಲ್ಲಿ ಒಬ್ಬೊಬ್ಬನು ಒಂದೊಂದು ಪಾತ್ರವನ್ನು ವಹಿಸುವನು; ಸಂದೇಹವಿರುವ ಕಡೆ ದಾಳವನ್ನು ಉರುಳಿಸಿ ಸೋಲು ಗೆಲುವುಗಳನ್ನು ನಿರ್ಣಯಿಸುವರು. ಬಣ್ಣವಿಲ್ಲ, ವೇಷವಿಲ್ಲ, ರಂಗವಿಲ್ಲ. ಇರುವುದು ಮಾತೊಂದೇ. ಪಾತ್ರವಾಗಿ ‘ನಾನು’ ಎಂದು ನುಡಿಯಬೇಕೋ, ‘ನನ್ನ ಪಾತ್ರವು ಹೀಗೆ ಮಾಡುವುದು’ ಎಂದು ವರ್ಣಿಸಿದರೆ ಸಾಕೋ ಎಂಬ ಚರ್ಚೆಯು ಈ ಆಟವಾಡುವವರಲ್ಲಿ ಮುಗಿಯದೆ ನಡೆದಿದೆ.

ನಮ್ಮವರಿಗೆ ಈ ಸಂಗತಿಯು ಅಪರಿಚಿತವಲ್ಲ. ಹೊಸಪೇಟೆ, ಸಂಡೂರು, ಕಂಪ್ಲಿಗಳ ಸೀಮೆಯ ದೊಡ್ಡಾಟವನ್ನೇ ನೋಡಿರಿ. ಅಲ್ಲಿ ಕೆಲಸವು ಹಂಚಿಹೋಗಿದೆ. ಭಾಗವತನೂ ಹಿಮ್ಮೇಳದವರೂ ಪದವನ್ನು ಹಾಡಿ ಸಂಗತಿಯನ್ನು ವರ್ಣಿಸುವರು. ಅದರ ಬೆನ್ನಿಗೆ ವೇಷಧಾರಿಯು ‘ನಾನು’ ಎಂದು ಮಾತನ್ನೆತ್ತುವನು. ಪಾತ್ರವು ರಂಗಕ್ಕೆ ಬಂದೊಡನೆ ಸಾರಥಿಯು ಅದರ ಹೆಸರು, ಊರುಗಳನ್ನು ವಿಚಾರಿಸುವುದೂ, ಪಾತ್ರವು ತನ್ನ ಪರಿಚಯವನ್ನು ತಾನೇ ಹೇಳಿಕೊಳ್ಳುವುದೂ ವಾಡಿಕೆ. ತೊಗಲುಗೊಂಬೆಯ ಆಟದಲ್ಲಾದರೋ ಪರದೆಯ ಹಿಂದಿನ ಒಂದೇ ಕಂಠವು ರಾಮನೂ ಆಗುವುದು, ರಾವಣನೂ ಆಗುವುದು. ಕರಾವಳಿಯ ತಾಳಮದ್ದಳೆಯು ಮೇಜಿನ ಆಟಕ್ಕೆ ಇನ್ನೂ ಹತ್ತಿರದ ನಂಟು: ಅರ್ಥಧಾರಿಗಳು ವೇಷವಿಲ್ಲದೆ ಎದುರುಬದುರಾಗಿ ಕುಳಿತು, ಬರೆದಿಟ್ಟ ಮಾತಿಲ್ಲದೆಯೇ, ಪಾತ್ರವಾಗಿ ವಾದಿಸುವರು.

ಸಂಡೂರು ತಾಲ್ಲೂಕಿನ ದರೋಜಿಯ ಈರಮ್ಮನವರು ಬುರ್ರಕಥೆಯಿಂದ ನಾಡಿನಲ್ಲೆಲ್ಲ ಹೆಸರಾದವರು. ಅಕ್ಷರವನ್ನು ಕಲಿಯದ ಈ ತಾಯಿ ಕುಮಾರರಾಮನ ಕಥೆಯೇ ಮೊದಲಾದ ದೀರ್ಘ ಕಾವ್ಯಗಳನ್ನು ಕಂಠದಲ್ಲಿಯೇ ಇರಿಸಿಕೊಂಡಿದ್ದರು. ಹಂಪಿಯ ಕನ್ನಡ ವಿಶ್ವವಿದ್ಯಾಲಯವು ಅವರಿಗೆ ನಾಡೋಜ ಪದವಿಯನ್ನಿತ್ತು ಗೌರವಿಸಿತು. 2014ರಲ್ಲಿ ಅವರು ತೀರಿಕೊಂಡರು. ಬುರ್ರಕಥೆಯಲ್ಲಿ ಮುಖ್ಯ ಕಥೆಗಾರರು ಒಬ್ಬರೇ. ಮಗ್ಗುಲಿನವರು ವಾದ್ಯವನ್ನು ನುಡಿಸುತ್ತ, ದನಿಗೂಡಿಸುತ್ತ, ನಡುನಡುವೆ ‘ಹೂಂ’ಗುಟ್ಟುತ್ತ ಇರುವರು. ಆದುದರಿಂದ ಕಥೆಗಾರರು ನಿರೂಪಣೆಯಿಂದ ಪಾತ್ರಕ್ಕೂ ಪಾತ್ರದಿಂದ ನಿರೂಪಣೆಗೂ ಒಂದು ರಾತ್ರಿಯಲ್ಲಿ ನೂರಾರು ಸಲ ದಾಟಬೇಕಾಗುವುದು.

ಈ ದಾಟುವಿಕೆಗೆ ಕನ್ನಡವು ಒಳ್ಳೆಯ ಸೇತುವೆಯನ್ನು ಕಟ್ಟಿಕೊಟ್ಟಿದೆ. ‘ನಾನು ನಾಳೆ ಬರುತ್ತೇನೆ ಎಂದು ರಾಮನು ಹೇಳಿದನು’ ಎಂಬುದು ರಾಮನ ಮಾತೇ. ‘ರಾಮನು ತಾನು ನಾಳೆ ಬರುವುದಾಗಿ ಹೇಳಿದನು’ ಎಂಬುದು ವರದಿ. ಆದರೆ ನಾವು ನಿತ್ಯವೂ ಆಡುವ ಮೂರನೆಯ ವಾಕ್ಯವೊಂದುಂಟು: ‘ರಾಮನು ತಾನು ನಾಳೆ ಬರುತ್ತೇನೆಂದು ಹೇಳಿದನು.’ ಇಲ್ಲಿ ‘ತಾನು’ ಎಂಬುದು ಹೊರಗೆ ನಿಂತು ರಾಮನನ್ನು ತೋರಿಸುವ ಪ್ರಥಮ ಪುರುಷ; ‘ಬರುತ್ತೇನೆ’ ಎಂಬುದು ರಾಮನ ಬಾಯಿಂದಲೇ ಬಂದ ಉತ್ತಮ ಪುರುಷ. ಒಂದು ಕಾಲು ಹೊಸ್ತಿಲಿನ ಹೊರಗೆ, ಇನ್ನೊಂದು ಒಳಗೆ! ಇಂಗ್ಲಿಷಿನ ವ್ಯಾಕರಣವು ಇಂಥ ವಾಕ್ಯವನ್ನು ಒಪ್ಪದು; ಕನ್ನಡಿಗನು ಇದನ್ನು ಲೆಕ್ಕಿಸದೆಯೇ ಆಡುವನು.

ಹಾಗಾದರೆ ಎರಡು ಬಗೆಗಳಿಗೂ ಮೂಲದಲ್ಲಿರುವ ಭೇದವೇನು? ಹರ್ಬರ್ಟ್ ಕ್ಲಾರ್ಕ್ ಮತ್ತು ರಿಚರ್ಡ್ ಗೆರಿಗ್ ಎಂಬ ಮನಶ್ಶಾಸ್ತ್ರಜ್ಞರು 1990ರಲ್ಲಿ ಇದಕ್ಕೊಂದು ಸಮಾಧಾನವನ್ನು ಹೇಳಿದರು. ಒಬ್ಬನು ಕುಂಟುತ್ತ ನಡೆದನೆಂಬುದನ್ನು ಮಾತಿನಲ್ಲಿ ತಿಳಿಸಬಹುದು. ಇಲ್ಲವೆ ನಾಲ್ಕು ಹೆಜ್ಜೆ ಕುಂಟಿ ತೋರಿಸಬಹುದು. ಮೊದಲನೆಯದು ವರ್ಣನೆ, ಎರಡನೆಯದು ಪ್ರದರ್ಶನ. ಇನ್ನೊಬ್ಬನ ಮಾತನ್ನು ಅವನಂತೆಯೇ ಆಡುವುದು ಈ ಎರಡನೆಯ ಜಾತಿಗೆ ಸೇರಿದ್ದು. ಪ್ರದರ್ಶಿಸುವವನು ಎಲ್ಲವನ್ನೂ ತೋರಿಸನು. ದನಿಯನ್ನೋ, ಕೋಪವನ್ನೋ, ತೊದಲನ್ನೋ ಆರಿಸಿಕೊಂಡು ಅಷ್ಟನ್ನೇ ತೋರಿಸುವನು.

ಪ್ರದರ್ಶನವು ಕೇಳುಗನನ್ನು ಬೇಗ ತಟ್ಟುವುದೇಕೆ? ಸ್ಕಾಟ್ಲೆಂಡಿನ ಗ್ಲಾಸ್ಗೋ ವಿಶ್ವವಿದ್ಯಾಲಯದವರು 2011ರಲ್ಲಿ ಪ್ರಕಟಿಸಿದ ಒಂದು ಪ್ರಯೋಗವು ಇದರ ಮೇಲೆ ಬೆಳಕನ್ನು ಚೆಲ್ಲುವುದು. ಜನರು ಸದ್ದಿಲ್ಲದೆ ಕಥೆಯನ್ನು ಓದುತ್ತಿರುವಾಗ ಮಿದುಳಿನ ರಕ್ತಸಂಚಾರದ ಬದಲಾವಣೆಗಳನ್ನು ಕಾಂತಯಂತ್ರದಿಂದ ಅಳೆದರು. ಪಾತ್ರದ ನೇರವಾದ ಮಾತು ಬಂದಲ್ಲಿ, ಮನುಷ್ಯರ ಕಂಠಧ್ವನಿಯನ್ನು ಗುರುತಿಸುವ ಭಾಗವು ಹೆಚ್ಚು ಚುರುಕಾಯಿತು. ಅದೇ ಮಾತನ್ನು ವರದಿಯಾಗಿ ಬರೆದಲ್ಲಿ ಅಷ್ಟು ಚುರುಕಾಗಲಿಲ್ಲ. ಎಂದರೆ, ಕಿವಿಗೆ ಏನೂ ಬೀಳದಿದ್ದರೂ ಮನಸ್ಸು ಒಂದು ದನಿಯನ್ನು ಕಲ್ಪಿಸಿಕೊಳ್ಳುತ್ತಿತ್ತು. ಅಜ್ಜಿಯ ಹುಲಿಯು ಮಗುವನ್ನು ಹೆದರಿಸುವುದರಲ್ಲಿ ಆಶ್ಚರ್ಯವೇನಿದೆ?

ಕೇಳುಗನ ಮಾತು ಹೀಗಾಯಿತು. ಆಡುವವನ ಪಾಡೇನು? ಕೆನಡಾದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯದ ಸ್ಟೀವನ್ ಬ್ರೌನ್ ಮತ್ತು ಸಂಗಡಿಗರು 2019ರಲ್ಲಿ ತರಬೇತಾದ ನಟನಟಿಯರನ್ನು ಇಂಥದೇ ಯಂತ್ರದಲ್ಲಿ ಮಲಗಿಸಿ ಪ್ರಶ್ನೆಗಳನ್ನು ಕೇಳಿದರು. ಒಮ್ಮೆ ತಾವಾಗಿಯೇ, ಒಮ್ಮೆ ತಮ್ಮ ಗೆಳೆಯನೊಬ್ಬನು ಏನೆನ್ನುವನೆಂದು ಊಹಿಸಿ, ಒಮ್ಮೆ ರೋಮಿಯೋ ಅಥವಾ ಜೂಲಿಯೆಟ್ ಆಗಿ ಅವರು ಉತ್ತರಿಸಬೇಕು. ಪಾತ್ರವಾಗಿ ಉತ್ತರಿಸುವಾಗ ಮಿದುಳಿನ ಮುಂಭಾಗದ ಕೆಲವು ಪ್ರದೇಶಗಳ ಚಟುವಟಿಕೆಯು ತಗ್ಗಿತು. ‘ನಾನು’ ಎಂಬ ಅರಿವಿಗೂ ಈ ಪ್ರದೇಶಗಳಿಗೂ ಸಂಬಂಧವುಂಟು. ಪಾತ್ರಕ್ಕೆ ಎಡೆಮಾಡಿಕೊಡಲು ನಟನ ಸ್ವಂತಿಕೆಯು ತುಸು ಪಕ್ಕಕ್ಕೆ ಸರಿಯುವುದೆಂದು ಅವರು ಇದಕ್ಕೆ ಅರ್ಥವನ್ನು ಹೇಳಿದರು. ಗೆಳೆಯನ ವಿಷಯವನ್ನು ಹೊರಗಿನಿಂದ ಊಹಿಸಿ ಹೇಳಿದಾಗ ಕಂಡ ಚಿತ್ರವು ಇದರಂತಿರಲಿಲ್ಲ. ಇದೊಂದೇ ಪ್ರಯೋಗದಿಂದ ಎಲ್ಲವನ್ನೂ ನಿರ್ಣಯಿಸಲಾಗದು. ಆದರೆ ಪ್ಲೇಟೋವಿನ ಶಂಕೆಯು ಬರಿಯ ಭ್ರಮೆಯಲ್ಲವೆಂದು ತೋರುವುದು.

ಇಷ್ಟರಿಂದ, ಪಾತ್ರವಾಗಿ ನುಡಿಯುವುದೇ ಉತ್ತಮ, ವರ್ಣಿಸುವುದು ಕೀಳು ಎಂದು ಯಾರಾದರೂ ತೀರ್ಮಾನಿಸಿಯಾರು. ಅದು ತಪ್ಪು. ಹೇಗೆಂದರೆ: ಹೊಸಪೇಟೆಯ ನಾಲ್ವರು ಗೆಳೆಯರು ಕುಮಾರರಾಮನ ಕಥೆಯನ್ನೇ ಮೇಜಿನ ಆಟವನ್ನಾಗಿ ಮಾಡಿಕೊಂಡು ಕುಳಿತಿರುವರೆಂದು ಭಾವಿಸೋಣ. ಮಲತಾಯಿ ರತ್ನಾಜಿಯು ಕುಮಾರರಾಮನನ್ನು ಮೋಹಿಸಿದಳು; ಅವನು ಒಪ್ಪಲಿಲ್ಲ; ಅವಳ ದೂರನ್ನು ನಂಬಿ ಕಂಪಿಲರಾಯನು ಮಗನ ತಲೆಯನ್ನು ಕಡಿಯಲು ಆಜ್ಞಾಪಿಸಿದನು; ಮಂತ್ರಿ ಬೈಚಪ್ಪನು ಕುಮಾರನನ್ನು ಬಚ್ಚಿಟ್ಟು ಕಾಪಾಡಿದನು. ಬೈಚಪ್ಪನ ಪಾತ್ರವು ಒಬ್ಬ ಸಂಕೋಚದ ಹುಡುಗನ ಪಾಲಿಗೆ ಬಂದಿದೆ. ಅವನು, ‘ಬೈಚಪ್ಪನು ಆಜ್ಞೆಗೆ ತಲೆಬಾಗಿದಂತೆ ನಟಿಸಿ, ರಾಯನಿಗೆ ಸಂದೇಹ ಬಾರದಂತೆ ಸಮಾಧಾನವನ್ನು ಹೇಳುವನು’ ಎನ್ನುತ್ತಾನೆ. ಪಕ್ಕದವನು, ‘ಹಾಗಲ್ಲವೋ, ಬೈಚಪ್ಪನಾಗಿಯೇ ಮಾತಾಡು!’ ಎಂದು ಗದರುತ್ತಾನೆ. ಹುಡುಗನು ಕೆಂಪಾಗಿ ಸುಮ್ಮನಾಗುತ್ತಾನೆ. ಮರುದಿನ ಅವನು ಆಟಕ್ಕೇ ಬಾರದಿದ್ದರೂ ಆಶ್ಚರ್ಯವಿಲ್ಲ.

ಇಲ್ಲಿ ನ್ಯಾಯವೆಲ್ಲಿದೆ? ಕುಮಾರರಾಮನ ಪಾತ್ರದವನು ಕತ್ತಿಯನ್ನು ಬೀಸಿ ತೋರಿಸಬೇಕೆಂದು ಯಾರೂ ಕೇಳುವುದಿಲ್ಲ. ‘ಕತ್ತಿಯನ್ನು ಬೀಸಿದೆ’ ಎಂದರೆ ಸಾಕು, ಉಳಿದುದನ್ನು ದಾಳವು ನೋಡಿಕೊಳ್ಳುವುದು. ತೋಳ್ಬಲವಿಲ್ಲದವನು ವೀರನಾಗಬಹುದಾದರೆ, ವಾಕ್ಚಾತುರ್ಯವಿಲ್ಲದವನು ಮಂತ್ರಿಯಾಗಬಾರದೇಕೆ? ಮಂತ್ರಿಗೆ ಬೇಕಾದುದು ಉಪಾಯ. ಹುಡುಗನು ಅದನ್ನು ಸೂಚಿಸಿಯೇ ಇದ್ದಾನೆ.

ರತ್ನಾಜಿಯ ಪಾತ್ರವನ್ನು ವಹಿಸಿದವರ ಸಂಕಟವೂ ಸಣ್ಣದಲ್ಲ. ಆ ಮೋಹದ ಮಾತುಗಳನ್ನು ಎದುರಿನ ಗೆಳೆಯನ ಕಣ್ಣನ್ನು ನೋಡುತ್ತ ಆಡುವುದು ಯಾರಿಗೂ ಸುಲಭವಲ್ಲ. ‘ಅವಳು ತನ್ನ ಮನಸ್ಸನ್ನು ತೋಡಿಕೊಂಡಳು’ ಎಂಬ ಒಂದು ವಾಕ್ಯವು ಕಥೆಯನ್ನೂ ಉಳಿಸುವುದು, ಸ್ನೇಹವನ್ನೂ ಉಳಿಸುವುದು. ಪಾತ್ರಕ್ಕೆ ಬಿದ್ದ ಬೈಗುಳವು ಪಾತ್ರಧಾರಿಗೂ ತಗಲುವುದುಂಟು. ವರ್ಣನೆಯು ಅಲ್ಲೊಂದು ತೆರೆಯನ್ನು ಹಿಡಿಯುವುದು.

ದೂರ ನಿಲ್ಲುವುದರಿಂದ ಲಾಭವೂ ಉಂಟೆಂಬುದಕ್ಕೆ ಮಕ್ಕಳ ಮೇಲೆ ನಡೆದ ಒಂದು ಪ್ರಯೋಗವು ಸಾಕ್ಷಿ. 2017ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಈ ಅಧ್ಯಯನದಲ್ಲಿ 4 ಮತ್ತು 6 ವರ್ಷದ ಮಕ್ಕಳಿಗೆ 10 ನಿಮಿಷಗಳ ಬೇಸರದ ಕೆಲಸವನ್ನು ಕೊಟ್ಟರು. ಬೇಕಾದಾಗ ಬಿಟ್ಟು ಆಟವಾಡಬಹುದು. ಕೆಲವರು ‘ನಾನು ಚೆನ್ನಾಗಿ ಕೆಲಸ ಮಾಡುತ್ತಿರುವೆನೇ?’ ಎಂದು ತಮ್ಮನ್ನು ಕೇಳಿಕೊಳ್ಳಬೇಕು. ಕೆಲವರು ‘ನಾನು’ ಎನ್ನದೆ ತಮ್ಮ ಹೆಸರನ್ನು ಹಿಡಿದು ಕೇಳಿಕೊಳ್ಳಬೇಕು. ಇನ್ನು ಕೆಲವರು ಬ್ಯಾಟ್‌ಮ್ಯಾನ್ ಮುಂತಾದ ಕಥಾವೀರರ ವೇಷವನ್ನು ತೊಟ್ಟು, ಆ ವೀರನ ಹೆಸರನ್ನು ಹಿಡಿದು ಕೇಳಿಕೊಳ್ಳಬೇಕು. ‘ನಾನು’ ಎಂದವರು ಎಲ್ಲರಿಗಿಂತ ಬೇಗ ಕೆಲಸವನ್ನು ಬಿಟ್ಟರು. ಹೆಸರು ಹಿಡಿದವರು ಹೆಚ್ಚು ನಿಂತರು. ವೀರರಾದವರು ಎಲ್ಲರಿಗಿಂತ ಹೆಚ್ಚು ನಿಂತರು. ಇವರು ಪಾತ್ರವನ್ನು ತೊಟ್ಟಿದ್ದರು. ಆದರೆ ಅದನ್ನು ಹೊರಗಿನಿಂದ ನೋಡುತ್ತಲೂ ಇದ್ದರು.

ಬುರ್ರಕಥೆಯವರಿಗೆ ಈ ಗುಟ್ಟು ಪ್ರಯೋಗಶಾಲೆಗಿಂತ ಮೊದಲೇ ತಿಳಿದಿತ್ತು. ಕಾಲವನ್ನು ದಾಟಿಸಲು, ಹತ್ತು ವರ್ಷಗಳನ್ನು ಒಂದು ಉಸಿರಿನಲ್ಲಿ ಮುಗಿಸಲು, ಪಾತ್ರಕ್ಕೇ ತಿಳಿಯದ ಅದರ ಮನಸ್ಸನ್ನು ಬಿಚ್ಚಿಡಲು ನಿರೂಪಣೆಯೇ ಬೇಕು. ಕೇಳುವವರ ಎದೆಯನ್ನು ಹಿಡಿದು ನಿಲ್ಲಿಸಬೇಕಾದ ಗಳಿಗೆಗೆ ಪಾತ್ರದ ದನಿಯೇ ಬೇಕು. ಒಂದು ನದಿಯಾದರೆ ಇನ್ನೊಂದು ಅದರ ಸುಳಿ.

ಆದುದರಿಂದ ಮುಂದೆ ಎಂದಾದರೂ ಗೆಳೆಯರ ನಡುವೆ ಇಂಥ ಆಟಕ್ಕೆ ಕುಳಿತಾಗ, ‘ಅವನು ಹೀಗೆಂದನು’ ಎನ್ನುವ ಸಂಕೋಚದವನನ್ನು ಗದರಬೇಡಿರಿ. ಮಗ್ಗುಲಿನವರಂತೆ ‘ಹೂಂ’ ಎನ್ನಿರಿ, ‘ಆಮೇಲೆ?’ ಎಂದು ಕೇಳಿರಿ. ಹತ್ತು ಸಲ ‘ಅವನು’ ಎಂದವನು ಹನ್ನೊಂದನೆಯ ಸಲ ತನಗರಿವಿಲ್ಲದೆಯೇ ‘ತಾನು ಬರುತ್ತೇನೆಂದ’ ಎಂದು ಹೊಸ್ತಿಲಿನ ಮೇಲೆ ಕಾಲಿಟ್ಟಾನು. ಒಳಗೆ ಬರುವುದೂ ಬಿಡುವುದೂ ಅವನ ಇಷ್ಟ. ಕಥೆಯಂತೂ ಮುಂದೆ ಸಾಗುವುದು.