ಮರ ಉಳಿಸಿ ಮನೆ ಕಟ್ಟಿದ ಲಾರಿ ಬೇಕರ್

ಕಾಸರಗೋಡಿನ ಹಳ್ಳಿಗಳಲ್ಲಿ ಹಂಚಿನ ಮನೆ ಕೆಡವಿ ತಾರಸಿ ಮನೆ ಕಟ್ಟುವುದು ಈಗ ಸಾಮಾನ್ಯ. ಮಾರ್ಚ್ ಬಂತೆಂದರೆ ಅದೇ ಮನೆಯೊಳಗೆ ಫ್ಯಾನು ಹಾಕಿದರೂ ಕೂರಲಾಗುವುದಿಲ್ಲ. ಇದಕ್ಕೆ ಕೇರಳದ ದಕ್ಷಿಣ ತುದಿಯಲ್ಲಿ ಒಂದು ಉತ್ತರವಿದೆ.

ಇಂಗ್ಲೆಂಡಿನಲ್ಲಿ 1917ರಲ್ಲಿ ಹುಟ್ಟಿದ ವಾಸ್ತುಶಿಲ್ಪಿ ಲಾರಿ ಬೇಕರ್ ತಿರುವನಂತಪುರದಲ್ಲಿ ನೆಲೆಸಿ, 2007ರಲ್ಲಿ ಅಲ್ಲಿಯೇ ತೀರಿಕೊಂಡರು. ಮನೆಯ ಸಾಮಗ್ರಿ ಐದು ಮೈಲಿಯೊಳಗೆ ಸಿಗುವಂತಿರಬೇಕೆಂಬ ಗಾಂಧೀಜಿಯ ಮಾತನ್ನು ಅವರು ಕೊನೆವರೆಗೂ ನಂಬಿದ್ದರು.

1970ರ ದಶಕದಲ್ಲಿ ಅವರು ರೂಪಿಸಿದ ಉಳ್ಳೂರಿನ ಸೆಂಟರ್ ಫಾರ್ ಡೆವಲಪ್‌ಮೆಂಟ್ ಸ್ಟಡೀಸ್ ಇದಕ್ಕೆ ಸಾಕ್ಷಿ. ಗುಡ್ಡದ ಇಳಿಜಾರಿಗೆ ಹೊಂದಿಕೊಂಡು, ಮರಗಳ ನಡುವೆಯೇ ಅಲ್ಲಿ ಕಟ್ಟಡಗಳು ಎದ್ದವು. ಗೋಡೆಗಳಲ್ಲಿ ಇಟ್ಟಿಗೆಯ ಜಾಲಿ: ಗಾಳಿ, ಬೆಳಕು ಬರುತ್ತದೆ, ಬಿಸಿಲಿನ ಝಳ ಬರುವುದಿಲ್ಲ.

ಬೇಕರ್ ಬಳಸಿದ ಇನ್ನೆರಡು ಉಪಾಯಗಳಿವೆ. ಇಟ್ಟಿಗೆಯನ್ನು ಮಗ್ಗುಲಾಗಿ ನಿಲ್ಲಿಸಿ, ನಡುವೆ ಪೊಳ್ಳು ಬಿಟ್ಟು ಗೋಡೆ ಕಟ್ಟಿದರೆ ಸುಮಾರು ಕಾಲು ಭಾಗ ಇಟ್ಟಿಗೆ ಉಳಿಯುತ್ತದೆ. ಒಳಗಿನ ಗಾಳಿ ಬಿಸಿಯನ್ನು ತಡೆಯುತ್ತದೆ. ಇನ್ನು ತಾರಸಿಯ ಕೆಳಭಾಗದಲ್ಲಿ ಎಳೆತವನ್ನು ತಾಳುವುದು ಕಬ್ಬಿಣದ ಸರಳು, ಕಾಂಕ್ರೀಟಲ್ಲ. ಹಾಗಾಗಿ ಸರಳುಗಳ ನಡುವೆ ಹಳೆಯ ಹಂಚು ಇಡಬಹುದು. ಸಿಮೆಂಟೂ ಉಳಿಯುತ್ತದೆ, ಒಳಗೆ ಸೆಕೆಯೂ ಕಡಿಮೆ. ಆದರೆ ಇದಕ್ಕೆ ಕೆಲಸ ಬಲ್ಲ ಇಂಜಿನಿಯರ್ ಬೇಕು.

ನಮ್ಮಲ್ಲಿ ಮುರಕಲ್ಲಿದೆ, ಕಳಚಿಟ್ಟ ಹಂಚಿದೆ. ಹಿರಿಯರ ಜಗಲಿ, ಮುಂದೆ ಚಾಚಿದ ಮಾಡು ಇದೇ ವಿದ್ಯೆ. ಹೊಸ ಮನೆ ಕಟ್ಟುವವರು ಎರಡು ಕೆಲಸವನ್ನಾದರೂ ಮಾಡಬಹುದು: ಪಡುವಣ ದಿಕ್ಕಿನ ಮರ ಕಡಿಯದಿರುವುದು, ಅಂಗಳಕ್ಕೆಲ್ಲ ಇಂಟರ್‌ಲಾಕ್ ಹಾಸದಿರುವುದು. ಅಂಗಳದಲ್ಲಿ ಇಂಗಿದ ಮಳೆನೀರೇ ಅಲ್ಲವೆ ಬೇಸಗೆಯಲ್ಲಿ ಬಾವಿಗೆ ಆಸರೆ?